ಶಿರದ ಮೇಲಿನ ಕಿಪ್ಪಾ, ಉರದ ಮೇಲಿನ ಲಿಂಗ



ಅಂತರಂಗ ಶುದ್ಧವಾಗಿದ್ದರೆ ಸಾಲದೇ, ಲಾಂಛನವೇತಕ್ಕೆ ಎಂದು ನಮ್ಮ ತರುಣರು ಕೇಳುವುದುಂಟು. ಈ ಪ್ರಶ್ನೆಯನ್ನು ಮನದಲ್ಲಿಟ್ಟುಕೊಂಡು ಯೆಹೂದಿ ಧರ್ಮೀಯರ ಶಿರವಸ್ತ್ರದ ಕಡೆಗೊಮ್ಮೆ ನೋಡಬಹುದು.

ಯೆಹೂದಿ ಪುರುಷರು ನೆತ್ತಿಯ ಮೇಲೆ ಧರಿಸುವ ಅಂಗೈಯಗಲದ ಟೋಪಿಗೆ ಹೀಬ್ರೂ ಭಾಷೆಯಲ್ಲಿ ಕಿಪ್ಪಾ, ಅಂದರೆ ಗುಮ್ಮಟ, ಎಂದು ಹೆಸರು. ಯಿಡ್ಡಿಷ್ ನುಡಿಯವರು ಅದನ್ನೇ ಯಾರ್ಮುಲ್ಕೆ ಎನ್ನುತ್ತಾರೆ. ವಿಶೇಷವೆಂದರೆ, ಅವರ ಮೂಲ ಧರ್ಮಗ್ರಂಥವಾದ ತೋರಾದಲ್ಲಿ ಪುರೋಹಿತರ ಶಿರೋವೇಷ್ಟನದ ಮಾತುಂಟೇ ಹೊರತು, ಸಾಮಾನ್ಯ ಭಕ್ತನು ತಲೆ ಮುಚ್ಚಬೇಕೆಂಬ ಆಜ್ಞೆಯಿಲ್ಲ. ಯೆಹೋಶುವನ ಮಗನಾದ ರಾವ್ ಹೂನಾ ಎಂಬ ಜ್ಞಾನಿಯು, ದೇವರ ಸಾನ್ನಿಧ್ಯವು ತನ್ನ ತಲೆಯ ಮೇಲಿದೆಯೆಂಬ ಭಾವದಿಂದ ಬರಿದಲೆಯಲ್ಲಿ ನಾಲ್ಕು ಮೊಳ ದೂರವೂ ನಡೆಯುತ್ತಿರಲಿಲ್ಲವೆಂದು ತಾಲ್ಮೂದ್ ಹೇಳುತ್ತದೆ. 16ನೇ ಶತಮಾನದಲ್ಲಿ ಯೋಸೆಫ್ ಕಾರೋ ರಚಿಸಿದ ಶುಲ್ಹಾನ್ ಆರೂಖ್ ಎಂಬ ಧರ್ಮಸಂಹಿತೆಯಲ್ಲಿ ಆ ನಾಲ್ಕು ಮೊಳವೇ ಸಕಲರಿಗೂ ನಿಯಮವಾಯಿತು. ಒಬ್ಬನ ಭಕ್ತಿಯು ಕಾಲಾಂತರದಲ್ಲಿ ಸಮುದಾಯದ ಆಚಾರವಾದ ಬಗೆಯಿದು.

ತಾಲ್ಮೂದ್‌ನಲ್ಲಿಯೇ ಇನ್ನೊಂದು ಪ್ರಸಂಗವಿದೆ. ಮಗನು ಕಳ್ಳನಾಗುವನೆಂದು ಜ್ಯೋತಿಷಿಗಳು ಒಬ್ಬ ತಾಯಿಗೆ ನುಡಿದರು. ದೈವಭಯವು ನಿನ್ನ ಮೇಲಿರಲೆಂದು ಆಕೆ ಮಗನ ತಲೆಯನ್ನು ಸದಾ ಮುಚ್ಚಿಸಿದಳು, ಕಾರಣವನ್ನು ಹೇಳಲಿಲ್ಲ. ಆ ಮಗನೇ ಮುಂದೆ ವಿದ್ವಾಂಸನಾದ ರಾವ್ ನಹ್ಮಾನ್ ಬಾರ್ ಇಸಾಕ್. ಒಂದು ದಿನ ಪರರ ಖರ್ಜೂರದ ಮರದಡಿ ಅಧ್ಯಯನ ಮಾಡುತ್ತಿರುವಾಗ ತಲೆಯ ವಸ್ತ್ರ ಜಾರಿತು. ಕಣ್ಣೆತ್ತಿ ನೋಡಿದವನನ್ನು ಆಸೆ ಗೆದ್ದಿತು. ಮರವೇರಿ ಗೊನೆಯನ್ನು ಹಲ್ಲಿನಿಂದಲೇ ಕಚ್ಚಿ ಕೆಡವಿದನು. ಪಂಡಿತನ ಸತ್ತ್ವವೂ ಒಂದು ಬಟ್ಟೆಯ ಆಸರೆಯಲ್ಲಿ ನಿಂತಿತ್ತೆಂದು ಒಪ್ಪಿಕೊಳ್ಳುವ ಈ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ಬದನೆಕಾಯಿಯನ್ನೇ ಲಿಂಗದಂತೆ ಕಟ್ಟಿಕೊಂಡು ಬಸವಣ್ಣನವರ ಮಹಾಮನೆಗೆ ಬಂದ ಕಳ್ಳರ ಕಥೆ ನಮಗೆಲ್ಲ ತಿಳಿದದ್ದೇ. ಅಲ್ಲಿ ಹುಸಿ ಲಾಂಛನವೂ ಕಳ್ಳರನ್ನು ಭಕ್ತರನ್ನಾಗಿಸಿತು. ಇಲ್ಲಿ ಲಾಂಛನ ಜಾರಿದ ಗಳಿಗೆಯಲ್ಲಿ ಭಕ್ತನೇ ಕಳ್ಳನಾದನು.

ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಕಿಪ್ಪಾಕ್ಕೆ ಪೂಜೆಯಿಲ್ಲ, ಅವರ ಪ್ರಾರ್ಥನಾಮಂದಿರಕ್ಕೆ ಬಂದ ಅತಿಥಿಗೂ ಅದನ್ನು ಕೊಡುವುದುಂಟು. ಇಷ್ಟಲಿಂಗವಾದರೋ ಗುರುಕರುಣೆಯಿಂದ ಅಂಗವನ್ನು ಸೇರುವ ಪೂಜಾವಸ್ತು, ಸ್ತ್ರೀಪುರುಷರಿಬ್ಬರಿಗೂ ಸಮಾನ. ಕಿಪ್ಪಾ ಬಹುಕಾಲ ಪುರುಷರದೇ ಆಗಿತ್ತು; ಈಚೆಗೆ ಕೆಲವು ಪಂಗಡಗಳ ಸ್ತ್ರೀಯರೂ ಧರಿಸುತ್ತಾರೆ.

ಅಮೆರಿಕದ ವಾಯುಪಡೆಯ ಆಸ್ಪತ್ರೆಯಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದ ಕ್ಯಾಪ್ಟನ್ ಸಿಮ್ಚಾ ಗೋಲ್ಡ್‌ಮನ್ ಅವರಿಗೆ ಸಮವಸ್ತ್ರದೊಡನೆ ಕಿಪ್ಪಾ ಧರಿಸಕೂಡದೆಂದು ಆದೇಶವಾಯಿತು. ಅವರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. 1986ರಲ್ಲಿ ಐವರು ನ್ಯಾಯಮೂರ್ತಿಗಳು ವಿರುದ್ಧವಾಗಿಯೂ ನಾಲ್ವರು ಪರವಾಗಿಯೂ ನಿಂತು ಅವರಿಗೆ ಸೋಲಾಯಿತು. ಮರುವರ್ಷ ಅಲ್ಲಿನ ಕಾಂಗ್ರೆಸ್ಸು ಕಾನೂನನ್ನೇ ಮಾಡಿ ಅಂತಹ ಧಾರ್ಮಿಕ ಉಡುಪಿಗೆ ಅವಕಾಶ ನೀಡಿತು.

ನಮ್ಮಲ್ಲಿ ಹೆಚ್ಚಿನವರಿಗೆ ಲಿಂಗವನ್ನು ತೆಗೆದಿಡೆಂದು ಯಾವ ಅಧಿಕಾರಿಯೂ ಆದೇಶಿಸಿಲ್ಲ. ಆದರೂ ಅಂಗಿಯೊಳಗಿನ ಶಿವದಾರ ಸಹೋದ್ಯೋಗಿಗಳ ಕಣ್ಣಿಗೆ ಬಿದ್ದೀತೆಂದು ನಾಚಿ, ಕರಡಿಗೆಯನ್ನು ಪೂಜೆಯ ಜಗಲಿಯ ಮೇಲಿಟ್ಟು ಕೆಲಸಕ್ಕೆ ಹೊರಡುವವರು ಎಷ್ಟು ಮನೆಗಳಲ್ಲಿಲ್ಲ!