ಮೊಟ್ಟೆ ಬಂತು, ಕೂಸು ಹೊಲದಲ್ಲೇ ಉಳಿಯಿತು

ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳು ಕರ್ನಾಟಕದಲ್ಲಿ ಶೇ 35.4ರಷ್ಟಿದ್ದಾರೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಐದು ವರ್ಷದೊಳಗಿನ ಮಕ್ಕಳನ್ನು ಅಳೆದು ಕೊಟ್ಟ ಲೆಕ್ಕವಿದು. ಅದೇ ಸಮೀಕ್ಷೆಯಲ್ಲಿ ಯಾದಗಿರಿ ಜಿಲ್ಲೆಯ ಪ್ರಮಾಣ ಅರ್ಧವನ್ನೂ ದಾಟಿದೆ. ನಾಲ್ಕು ವರ್ಷ ಹಿಂದಿನ ಸಮೀಕ್ಷೆಯಲ್ಲೂ ಅದು ಅರ್ಧದ ಮೇಲೆಯೇ ಇತ್ತು. ಎರಡು ಸಮೀಕ್ಷೆಗಳ ನಡುವೆ ರಸ್ತೆ ಬಂದವು, ಕಟ್ಟಡ ಎದ್ದವು. ಮಕ್ಕಳ ಎತ್ತರ ಮಾತ್ರ ಇದ್ದಲ್ಲೇ ಇತ್ತು.

ತೂಕ ಇಳಿದ ಮಗುವಿಗೆ ಕೆಲವು ವಾರ ಚೆನ್ನಾಗಿ ಉಣಿಸಿದರೆ ತೂಕ ಮರಳುತ್ತದೆ. ಎತ್ತರದ ಮಾತು ಬೇರೆ. ಬಸಿರಿನ ಒಂಬತ್ತು ತಿಂಗಳು ಮತ್ತು ಹುಟ್ಟಿದ ಮೇಲಿನ ಎರಡು ವರ್ಷ ಸೇರಿ ಸುಮಾರು ಸಾವಿರ ದಿನ. ಆ ದಿನಗಳಲ್ಲಿ ತಪ್ಪಿಹೋದ ಬೆಳವಣಿಗೆಯನ್ನು ಆಮೇಲೆ ತುಂಬಿಕೊಳ್ಳುವುದು ಬಹಳ ಕಷ್ಟ. ಕುಂಠಿತವಾಗುವುದು ಮೂಳೆ ಮಾತ್ರವೂ ಅಲ್ಲ; ಮಿದುಳು ಅತಿ ವೇಗವಾಗಿ ಬೆಳೆಯುವ ಕಾಲವೂ ಅದೇ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಶೇ 50.59ರೊಂದಿಗೆ ರಾಜ್ಯದಲ್ಲೇ ಕೊನೆಗೆ ನಿಂತಾಗ ಎಲ್ಲರೂ ಮಾತಾಡಿದ್ದು ಶಿಕ್ಷಕರ ಕೊರತೆ, ನಕಲು, ವಿಶೇಷ ತರಗತಿಗಳ ಬಗ್ಗೆ. ಆ ಕಾರಣಗಳೆಲ್ಲ ನಿಜವೇ ಇರಬಹುದು. ಆದರೆ ಆ ಮಕ್ಕಳು ಹುಟ್ಟಿದ ಹೊತ್ತಿನಲ್ಲಿ ಅವರ ತಾಯಂದಿರು ಏನು ಉಂಡಿದ್ದರು ಎಂಬ ಪ್ರಶ್ನೆ ಯಾವ ಪರಿಶೀಲನಾ ಸಭೆಯಲ್ಲೂ ಮುಖ್ಯವಾಗಲಿಲ್ಲ.

ಈ ಭಾಗ ಸರಕಾರದ ಕಣ್ಣಿಗೆ ಬೀಳದೆ ಉಳಿದದ್ದಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದಲ್ಲೇ ಇದ್ದವು. 2009ರ ಕೊನೆಗೆ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. 2011ರ ಜನಗಣತಿ ಅದರ ಸಾಕ್ಷರತೆಯನ್ನು ಶೇ 51.83 ಎಂದು ತೋರಿಸಿತು, ಅದು ರಾಜ್ಯದಲ್ಲೇ ಕನಿಷ್ಠ. ಈ ಭಾಗಕ್ಕೆಂದೇ ಸಂವಿಧಾನದ 371 ಜೆ ವಿಧಿ ಬಂತು, ಪ್ರದೇಶಾಭಿವೃದ್ಧಿ ಮಂಡಳಿ ಬಂತು. 2018ರಲ್ಲಿ ಕೇಂದ್ರ ಸರಕಾರ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿ ಮಾಡಿದಾಗ ಕರ್ನಾಟಕದಿಂದ ಸೇರಿದ ಎರಡೇ ಹೆಸರು ರಾಯಚೂರು ಮತ್ತು ಯಾದಗಿರಿ.

ಮಕ್ಕಳಿಗೆಂದೇ ಇರುವ ಯೋಜನೆಗಳ ಸಾಲು ಇನ್ನೂ ಉದ್ದ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ಕರ್ನಾಟಕದ ಪಾಲಿಗೆ ಸಿಕ್ಕಿದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಅಂಗನವಾಡಿ ಎಂಬ ಹೆಸರು ಅಲ್ಲಿಂದ ಎಲ್ಲ ಊರುಗಳಿಗೂ ಹಬ್ಬಿತು. ಶಾಲೆಯಲ್ಲಿ ಬಿಸಿ ಅಡುಗೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶಿಸಿದ ಮೇಲೆ, 2002ರಲ್ಲಿ ರಾಜ್ಯದ ಬಿಸಿಯೂಟ ಮೊದಲು ಬಂದದ್ದು ಈಶಾನ್ಯ ಜಿಲ್ಲೆಗಳಿಗೆ. ಅದೇ ಅಕ್ಷರ ದಾಸೋಹ. 2011ರಲ್ಲಿ ರಾಯಚೂರಿನಿಂದ ಅಪೌಷ್ಟಿಕತೆಯ ಸಾವಿನ ಸುದ್ದಿಗಳು ಬಂದು, ವಿಷಯ ಹೈಕೋರ್ಟಿಗೆ ಹೋಗಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ ರಚನೆಯಾಯಿತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಬಂತು.

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಶಾಲೆಗಳಲ್ಲಿ ಮೊಟ್ಟೆ ಕೊಡಲು ತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮಕ್ಕಳು ತಮಗೆ ಮೊಟ್ಟೆ ಬೇಕೆಂದೇ ಹೇಳಿದರು. ವಾದಕ್ಕೆ ಉತ್ತರ ಸಿಕ್ಕಿದ್ದು ತಕ್ಕಡಿಯಿಂದ. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಅಧ್ಯಯನ ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನು, ಆಗ ಮೊಟ್ಟೆ ಸಿಗದಿದ್ದ ಗದಗಿನ ಮಕ್ಕಳೊಂದಿಗೆ ಹೋಲಿಸಿತು. ಕೆಲವೇ ತಿಂಗಳಲ್ಲಿ ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ಎಂಟನೇ ತರಗತಿಯ ಹುಡುಗಿಯರಲ್ಲಿ ಅದು ಎದ್ದು ಕಾಣುತ್ತಿತ್ತು. ಮೊಟ್ಟೆ ರಾಜ್ಯದಾದ್ಯಂತ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ 1,500 ಕೋಟಿ ರೂಪಾಯಿಗೂ ಹೆಚ್ಚಿನ ನೆರವಿನೊಂದಿಗೆ ಮೂರು ವರ್ಷದ ಒಪ್ಪಂದ ಮಾಡಿಕೊಂಡ ಮೇಲೆ ವಾರಕ್ಕೆ ಆರು ದಿನ ಮೊಟ್ಟೆ ಸಿಗುವಂತಾಯಿತು. ಸರಿಯಾದ ಆಹಾರ ಸರಿಯಾದ ಬಾಯಿಗೆ ತಲುಪಿದರೆ ಫಲ ಬೇಗ ಕಾಣುತ್ತದೆ ಎಂಬುದಕ್ಕೆ ಈ ಜಿಲ್ಲೆಯೇ ಪುರಾವೆ. ಆ ಮೊಟ್ಟೆಯನ್ನು ಯಾವ ಕಾರಣಕ್ಕೂ ಕಡಿಮೆ ಮಾಡಬಾರದು.

ಆದರೆ ಈ ಮೊಟ್ಟೆ ಸಿಗುವುದು ಆರು ತುಂಬಿ ಶಾಲೆಯ ಹೊಸ್ತಿಲು ದಾಟಿದ ಮಗುವಿಗೆ. ಬೆಳವಣಿಗೆ ಕುಂಠಿತವಾಗುವುದು ಎರಡು ತುಂಬುವ ಮೊದಲು. ಯಾದಗಿರಿಯ ಮಕ್ಕಳ ನೀತಿಯಲ್ಲಿರುವ ದೊಡ್ಡ ಬಿರುಕು ಇದು, ಉಳಿದ ಬಿರುಕುಗಳೆಲ್ಲ ಇದರ ಅಕ್ಕಪಕ್ಕದವು.

ಬಿರುಕು ಸಂವಿಧಾನದ ಮಟ್ಟದಿಂದಲೇ ಇದೆ. 2002ರ 86ನೇ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು. ಆರರ ಕೆಳಗಿನವರ ಆರೈಕೆ ಮತ್ತು ಶಿಕ್ಷಣವನ್ನು 45ನೇ ವಿಧಿಯಲ್ಲಿ, ಅಂದರೆ ರಾಜ್ಯ ನಿರ್ದೇಶಕ ತತ್ವಗಳ ಸಾಲಿನಲ್ಲಿ ಇಟ್ಟಿತು. ಹಕ್ಕಾದರೆ ನ್ಯಾಯಾಲಯದ ಮುಂದೆ ಕೇಳಬಹುದು, ನಿರ್ದೇಶಕ ತತ್ವವನ್ನು ಹಾಗೆ ಕೇಳಲಾಗದು. 2013ರ ಆಹಾರ ಭದ್ರತಾ ಕಾಯ್ದೆ ಈ ಅಂತರವನ್ನು ಸ್ವಲ್ಪ ತುಂಬಿತು: ಆರು ತಿಂಗಳಿಂದ ಆರು ವರ್ಷದ ಮಗುವಿಗೆ ದಿನಕ್ಕೆ 500 ಕ್ಯಾಲೊರಿ ಮತ್ತು 12ರಿಂದ 15 ಗ್ರಾಂ ಪ್ರೋಟೀನ್, ಬಸುರಿ ಬಾಣಂತಿಯರಿಗೆ 600 ಕ್ಯಾಲೊರಿ ಕಾನೂನಿನ ಪ್ರಕಾರ ಸಿಗಲೇಬೇಕು. ಮೂರು ವರ್ಷ ದಾಟಿದ ಮಗು ಅಂಗನವಾಡಿಯಲ್ಲಿ ಕೂತು ಉಣ್ಣುತ್ತದೆ. ಮೂರರ ಕೆಳಗಿನ ಕೂಸಿಗೆ ಬರುವುದು ಮನೆಗೆ ಒಯ್ಯುವ ಪೊಟ್ಟಣ. ಐದಾರು ಬಾಯಿಗಳಿರುವ ಮನೆಯಲ್ಲಿ ಆ ಪೊಟ್ಟಣ ಎಲ್ಲರಿಗೂ ಹಂಚಿಹೋಗುತ್ತದೆ. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ. ಹಸಿದ ದೊಡ್ಡ ಮಗುವಿನ ಎದುರು ಚಿಕ್ಕದಕ್ಕೆ ಮಾತ್ರ ತಿನ್ನಿಸು ಎಂದು ಯಾರು ಹೇಳಿಯಾರು?

ಪೊಟ್ಟಣ ಸಿಕ್ಕರೂ ಕಲಸಿ ತಿನ್ನಿಸುವ ಕೈ ಬೇಕು. ವರ್ಷದ ಮಗುವಿನ ಹೊಟ್ಟೆ ಚಿಕ್ಕದು. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕೈದು ಸಲ ತಿನ್ನಿಸಬೇಕು. ಆ ಕೈ ಆಗ ಎಲ್ಲಿರುತ್ತದೆ ಎಂಬುದೇ ಜಿಲ್ಲೆಯ ಶಹಾಪುರ, ಸುರಪುರ ತಾಲ್ಲೂಕುಗಳ ಕಥೆ.

ಕೃಷ್ಣೆಗೆ ನಾರಾಯಣಪುರದಲ್ಲಿ ಅಣೆಕಟ್ಟು ಕಟ್ಟಿ ಎಡದಂಡೆ ಕಾಲುವೆ ಹರಿಸಿದ ಮೇಲೆ ಈ ಎರಡು ತಾಲ್ಲೂಕುಗಳ ಬಹುಭಾಗ ನೀರಾವರಿಯಾಯಿತು. ಜೋಳ, ತೊಗರಿಯ ನೆಲದಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಬಂದವು. ನೀರು ಬಂದರೆ ಹಸಿವು ಹೋಗುತ್ತದೆ ಎಂಬ ಎಣಿಕೆ ಮಕ್ಕಳ ಮಟ್ಟಿಗೆ ನಿಜವಾಗಲಿಲ್ಲ. ನೀರು ಬೆಳೆ ತಂದಿತು, ಬೆಳೆ ಕೂಲಿ ತಂದಿತು, ಕೂಲಿಗೆ ಹೋದವಳು ಹೆಚ್ಚಾಗಿ ತಾಯಿ. ಹತ್ತಿ ಬಿಡಿಸುವ ಕೆಲಸಕ್ಕೆ ಕೂಲಿ ಕಿಲೋ ಲೆಕ್ಕ. ಎಷ್ಟು ಕೈ ಸೇರಿದರೆ ಅಷ್ಟು ತೂಕ, ಅಷ್ಟು ದುಡ್ಡು. ಬೆಳಕು ಹರಿಯುವ ಹೊತ್ತಿಗೆ ಟಂಟಂ ಬಂದು ನಿಲ್ಲುತ್ತದೆ. ಹೆಂಗಸರ ಜೊತೆ ಹತ್ತು ಹನ್ನೆರಡರ ಹುಡುಗಿಯರೂ ಹತ್ತುತ್ತಾರೆ, ಕೆಲವರು ಬಿಡಿಸಲು, ಕೆಲವರು ಬದುವಿನ ಮರದಡಿ ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳಲು. ಅಂಗನವಾಡಿ ಬಾಗಿಲು ತೆರೆಯುವ ಹೊತ್ತಿಗೆ ಊರಿನ ಅರ್ಧ ಕೂಸುಗಳು ಹೊಲದಲ್ಲಿರುತ್ತವೆ. ಕೂಸಿಗೆ ಹೊತ್ತಿಗೆ ಸರಿಯಾಗಿ ಊಟವಿಲ್ಲ, ಅಕ್ಕನಿಗೆ ಶಾಲೆಯಿಲ್ಲ. ಒಂದೇ ದಿನದಲ್ಲಿ ಇಬ್ಬರು ಮಕ್ಕಳ ಎರಡು ಹಕ್ಕುಗಳು ಹೋಗುತ್ತವೆ, ಇಲಾಖೆಗಳ ಕಡತದಲ್ಲಿ ಮಾತ್ರ ಇವು ಸಂಬಂಧವೇ ಇಲ್ಲದ ಎರಡು ಸಮಸ್ಯೆಗಳು.

ಹಾಗಾಗಿಯೇ ಈ ಜಿಲ್ಲೆಗೆ ಬೇಕಾದ ಮೊದಲ ಯೋಜನೆ ಶಿಶುಪಾಲನಾ ಕೇಂದ್ರ. ಅದು ಕಾಗದದ ಮೇಲೆ ಈಗಾಗಲೇ ಇದೆ. 2005ರ ಉದ್ಯೋಗ ಖಾತರಿ (ನರೇಗಾ) ಕಾಯ್ದೆ ಕೆಲಸದ ಜಾಗದಲ್ಲಿ ಆರರ ಕೆಳಗಿನ ಐದು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕೆಂದಿತ್ತು. 2023–24ರ ಬಜೆಟ್ಟಿನಲ್ಲಿ ರಾಜ್ಯ ಸರಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಘೋಷಿಸಿತು. ಇತ್ತೀಚಿನ ವರ್ಷಗಳಲ್ಲಿ ಮಕ್ಕಳಿಗಾಗಿ ರಾಜ್ಯ ಕೈಗೊಂಡ ಒಳ್ಳೆಯ ತೀರ್ಮಾನಗಳಲ್ಲಿ ಇದೊಂದು. ಅದನ್ನು ನರೇಗಾ ಕೂಲಿಕಾರರ ಮಕ್ಕಳಿಗೆಂದು ಯೋಚಿಸಿದ್ದಷ್ಟೇ ಕೊರತೆ. ನರೇಗಾ ಕೆಲಸ ಹೆಚ್ಚು ನಡೆಯುತ್ತಿದ್ದುದು ಬೇಸಿಗೆಯಲ್ಲಿ. ಹತ್ತಿ ಬಿಡಿಸುವುದು ದಸರೆಯ ಆಸುಪಾಸಿನಿಂದ ಸಂಕ್ರಾಂತಿಯ ಆಚೆಗೆ, ಖಾಸಗಿ ಹೊಲಗಳಲ್ಲಿ. ತಾಯಿ ಯಾರ ಹೊಲಕ್ಕೆ ಹೋದಳು ಎಂದು ಕೇಳದೆ ಕೂಸನ್ನು ಒಳಗೆ ಕರೆದುಕೊಳ್ಳುವ ಮನೆ ಬೇಕು.

ತಾಯಂದಿರ ಊಟಕ್ಕೂ ಇದೇ ಮಾತು ಸಲ್ಲುತ್ತದೆ. 2017ರ ಅಕ್ಟೋಬರ್‌ನಲ್ಲಿ ರಾಜ್ಯದಾದ್ಯಂತ ಶುರುವಾದ ಮಾತೃಪೂರ್ಣದಲ್ಲಿ ಬಸುರಿ ಬಾಣಂತಿಯರಿಗೆ ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಇದ್ದವು. ಊಟ ಒಳ್ಳೆಯದು, ಉದ್ದೇಶವೂ ಒಳ್ಳೆಯದು: ಮನೆಗೆ ಒಯ್ದರೆ ಹಂಚಿಹೋಗುವುದನ್ನು ಅವಳೇ ಅಂಗನವಾಡಿಯಲ್ಲಿ ಕೂತು ಉಣ್ಣಲಿ ಎಂದು. ಆದರೆ ಮಧ್ಯಾಹ್ನದ ಹೊತ್ತು ಎರಡು ಮೂರು ಮೈಲಿ ದೂರದ ಹೊಲದಲ್ಲಿರುವ ಏಳು ತಿಂಗಳ ಬಸುರಿ ಊಟಕ್ಕೆ ನಡೆದು ಬರಲಾರಳು. ಬಂದರೆ ಅರ್ಧ ದಿನದ ಕೂಲಿ ಹೋಯಿತು.

ತೀರಾ ಸೊರಗಿದ ಮಕ್ಕಳಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಮಗು ತೀವ್ರ ಅಪೌಷ್ಟಿಕತೆಯಲ್ಲಿದೆ ಎಂದರ್ಥ. ಅಳತೆ ಪಟ್ಟಿಯ ಕೆಂಪು ಭಾಗ ಅದನ್ನು ತೋರಿಸುತ್ತದೆ. ಕೇಂದ್ರದಲ್ಲಿ ಎರಡು ವಾರ ಇರಬೇಕಾದ ತಾಯಿಗೆ ಕೂಲಿಯ ಬದಲು ಭತ್ಯೆಯೂ ಉಂಟು. ಆದರೂ ಮನೆಯಲ್ಲಿ ಇನ್ನಿಬ್ಬರು ಮಕ್ಕಳನ್ನು ಬಿಟ್ಟು ಹದಿನಾಲ್ಕು ದಿನ ಜಿಲ್ಲಾ ಆಸ್ಪತ್ರೆಯಲ್ಲಿ ಕೂರುವುದು ಆಕೆಗೆ ಸುಲಭವಲ್ಲ. ಗುಣವಾಗಿ ಬಂದ ಕೂಸು ಮರಳುವುದು ಮತ್ತದೇ ಬದುವಿಗೆ.

ಯಾದಗಿರಿ, ಗುರುಮಠಕಲ್ ಕಡೆಯ ಮಳೆಯಾಶ್ರಿತ ಊರುಗಳಲ್ಲೂ ತಾಂಡಾಗಳಲ್ಲೂ ತೊಂದರೆ ಇನ್ನೊಂದು ಬಗೆಯದು. ಅಲ್ಲಿಂದ ಜನ ಗುಳೆ ಹೋಗುತ್ತಾರೆ: ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈ. ಊರಿನ ಅಂಗನವಾಡಿಯ ಪಟ್ಟಿಯಲ್ಲಿ ಮಗುವಿನ ಹೆಸರಿರುತ್ತದೆ, ಮಗು ಬೆಂಗಳೂರಿನ ಕಟ್ಟಡದ ಮರಳ ರಾಶಿಯ ಮೇಲಿರುತ್ತದೆ. 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್‌ನಲ್ಲಿ ವಲಸೆ ಹೋದ ಮಗುವನ್ನು ಮತ್ತೊಂದು ಅಂಗನವಾಡಿಗೆ ವರ್ಗಾಯಿಸುವ ಅವಕಾಶವಿದೆ. ಆದರೆ ಹೊಸ ಊರಿನಲ್ಲಿ ಅಂಗನವಾಡಿ ಎಲ್ಲಿದೆ ಎಂದು ಆ ತಾಯಿಗೆ ಹೇಳುವವರು ಯಾರು? ಮೊಬೈಲಿನಲ್ಲಿ ಹೆಸರು ದಾಟಿಸಿದರೆ ಸಾಲದು, ಆಚೆ ತುದಿಯಲ್ಲಿ ಒಬ್ಬರು ಅವಳ ಗುಡಿಸಲಿಗೆ ಹೋಗಬೇಕು.

ಹದಿನಾಲ್ಕಕ್ಕೆ ಎರಡನೆಯ ಬಿರುಕು. ಶಿಕ್ಷಣ ಹಕ್ಕು ಕಾಯ್ದೆ ಆ ವಯಸ್ಸಿಗೆ ನಿಲ್ಲುತ್ತದೆ. 2016ರ ತಿದ್ದುಪಡಿಯ ನಂತರ ಬಾಲಕಾರ್ಮಿಕ ಕಾಯ್ದೆಯ ಪೂರ್ಣ ನಿಷೇಧವೂ ಅಲ್ಲಿಗೇ ಮುಗಿಯುತ್ತದೆ. ಆಮೇಲೆ ಅಪಾಯಕಾರಿ ಕೆಲಸಗಳಿಗಷ್ಟೇ ತಡೆ. ಅದಕ್ಕೂ ಮೊದಲು, ಶಾಲೆ ಬಿಟ್ಟ ಮೇಲೆ ಮನೆಯವರಿಗೆ ನೆರವಾಗಬಹುದು ಎಂಬ ರಿಯಾಯಿತಿ ಬೇರೆ ಇದೆ. ಹತ್ತಿ ಹೊಲದಲ್ಲಿ ಎಲ್ಲರೂ ಮನೆಯವರೇ ಆಗಿಬಿಡುತ್ತಾರೆ. ಹುಡುಗಿಯ ಮದುವೆಯ ವಯಸ್ಸು ಹದಿನೆಂಟು. ಹದಿನಾಲ್ಕರಿಂದ ಹದಿನೆಂಟರ ನಡುವೆ ಹುಡುಗಿಯನ್ನು ಹಿಡಿದಿಡುವ ಶಾಲೆಯೂ ಇಲ್ಲದಾಗ, ಮನೆಯವರು ಮದುವೆಯನ್ನೇ ಭದ್ರತೆ ಎಂದುಕೊಳ್ಳುತ್ತಾರೆ. ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು 2016ರ ತನ್ನದೇ ತಿದ್ದುಪಡಿಯಲ್ಲಿ ಸ್ಪಷ್ಟವಾಗಿ ಬರೆದ ರಾಜ್ಯ ಕರ್ನಾಟಕ. ಕಾನೂನು ಬಲವಾಗಿದೆ, ಮದುವೆಗಳು ಸದ್ದಿಲ್ಲದೆ ನಡೆಯುತ್ತಿವೆ.

ಹೀಗೆ ಮದುವೆಯಾದವಳು ಹದಿನೇಳಕ್ಕೆ ಬಸುರಿಯಾದರೆ ಯಾವ ಯೋಜನೆಗೂ ಬೇಡದವಳಾಗುತ್ತಾಳೆ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ ಮೊದಲ ಮಗುವಿನ 5,000 ರೂಪಾಯಿ ಪಡೆಯಲು ಹದಿನೆಂಟು ದಾಟಿರಬೇಕು. ಆಹಾರ ಭದ್ರತಾ ಕಾಯ್ದೆ ಹೇಳಿದ್ದಾದರೂ 6,000ಕ್ಕೆ ಕಡಿಮೆಯಿಲ್ಲದ ಮೊತ್ತ. ಪೊಲೀಸ್ ಪ್ರಕರಣದ ಹೆದರಿಕೆಯಿಂದ ಮನೆಯವರು ತಾಯಿ ಕಾರ್ಡ್ ಮಾಡಿಸುವುದನ್ನೇ ಮುಂದೂಡುತ್ತಾರೆ. ಇನ್ನೂ ಬೆಳೆಯುತ್ತಿರುವ ಆ ದೇಹದಿಂದ ಹುಟ್ಟುವ ಕೂಸು ಕಡಿಮೆ ತೂಕದ್ದಾಗುವ ಸಂಭವ ಹೆಚ್ಚು. ಕುಂಠಿತ ಬೆಳವಣಿಗೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವ ದಾರಿ ಇದೇ. ಬಾಲ್ಯವಿವಾಹ ಮಾಡಿಸಿದವರಿಗೆ ಶಿಕ್ಷೆಯಾಗಲಿ. ಬಸುರಿ ಬಾಲಕಿಯ ಊಟ, ಔಷಧಿ, ತಪಾಸಣೆ ನಿಲ್ಲಬಾರದು.

2025ರ ಆಗಸ್ಟ್‌ನಲ್ಲಿ ಜಿಲ್ಲೆಯ ಸರಕಾರಿ ವಸತಿ ಶಾಲೆಯೊಂದರಲ್ಲಿ ವಿದ್ಯಾರ್ಥಿನಿಯೊಬ್ಬಳಿಗೆ ಹೆರಿಗೆಯಾಯಿತು. ಪೋಕ್ಸೊ ಪ್ರಕರಣ ದಾಖಲಾಯಿತು, ಸಿಬ್ಬಂದಿ ಅಮಾನತಾದರು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಶಾಲೆಯ ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ, ಅಂಗನವಾಡಿ ಮಕ್ಕಳಿಗೆ ಎರಡು ಸಲವಾದರೂ ತಪಾಸಣೆ ಆಗಬೇಕು. ತಪಾಸಣೆ ಎಂದರೆ ರಿಜಿಸ್ಟರಿನಲ್ಲಿ ಸಹಿ ಎಂದಾಗಿಬಿಟ್ಟರೆ ಒಂಬತ್ತು ತಿಂಗಳ ಬಸಿರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಮಗಳನ್ನು ಮದುವೆಯಿಂದ, ಹೊಲದಿಂದ ಉಳಿಸಲೆಂದು ನಂಬಿ ವಸತಿ ಶಾಲೆಗೆ ಕಳಿಸಿದ ತಂದೆತಾಯಿಗಳ ನಂಬಿಕೆ ಮುರಿದರೆ ಅದರ ಬೆಲೆ ತೆರುವವರು ಜಿಲ್ಲೆಯ ಎಲ್ಲ ಹುಡುಗಿಯರು.

ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಅಲ್ಲಿ ಮಕ್ಕಳು ಕೇಳುವುದು ಕಾಂಪೌಂಡು, ಶೌಚಾಲಯ, ಆಟದ ಮೈದಾನ. ಮಾತು ಬಾರದ ಕೂಸು ಅಲ್ಲಿ ಕೇಳಲಾರದು. ಅದರ ಪರವಾಗಿ ಪಂಚಾಯಿತಿಯೇ ಕೇಳಬೇಕು: ಊರಿನಲ್ಲಿ ಮೂರರ ಕೆಳಗಿನ ಮಕ್ಕಳು ಎಷ್ಟು, ಹತ್ತಿಯ ಕಾಲದಲ್ಲಿ ಅವರನ್ನು ಯಾರು ನೋಡಿಕೊಳ್ಳುತ್ತಾರೆ, ಗುಳೆ ಹೋದವರು ಎಷ್ಟು, ಎಲ್ಲಿಗೆ? ಈ ಲೆಕ್ಕ ಅಂಗನವಾಡಿ ಕಾರ್ಯಕರ್ತೆ ಮತ್ತು ಆಶಾ ಕಾರ್ಯಕರ್ತೆಯ ತಲೆಯಲ್ಲಿ ಈಗಾಗಲೇ ಇದೆ, ಯಾರೂ ಕೇಳಿಲ್ಲ ಅಷ್ಟೆ. ಪ್ರದೇಶಾಭಿವೃದ್ಧಿ ಮಂಡಳಿಯಲ್ಲಿ ಹಣವಿದೆ. ಶಹಾಪುರ ಮತ್ತು ಸುರಪುರದ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳು ಬೆಳಿಗ್ಗೆ ಟಂಟಂ ಹೊರಡುವ ಮೊದಲು ತೆರೆದು, ತಾಯಂದಿರು ಮರಳಿದ ಮೇಲೆ ಮುಚ್ಚಲಿ. ಅಲ್ಲಿ ಕೂಸಿಗೆ ದಿನಕ್ಕೊಂದು ಮೊಟ್ಟೆ ಸಿಗಲಿ. ದಸರೆಗೆ ಹತ್ತಿ ಅರಳುತ್ತದೆ. ಅದಕ್ಕೂ ಮೊದಲೇ ಜಿಲ್ಲಾಡಳಿತ ಇದನ್ನು ಮಾಡಬೇಕು.