ನಿಮ್ಮ ಗುಂಡಿ ನೀವೇ ತೋಡ್ಕೊಳ್ಳಿ



ಹೋದ ವಾರ ಪಶ್ಚಿಮಘಟ್ಟದ ಕಾಡಲ್ಲಿ ಟೆಂಟ್ ಹೊತ್ತು ಮೂರು ತಾಸು ನಡೆದು ಒಂದು ರಾತ್ರಿ ಉಳಿದಿದ್ವಿ. ಅಲ್ಲಿ ಕಕ್ಕಸಿಲ್ಲ, ಕಸದ ಗಾಡಿ ಬರಲ್ಲ. ನಿಯಮ ಸರಳ: ಹಳ್ಳದಿಂದ 200 ಅಡಿ ದೂರ ಹೋಗಿ, 6–8 ಇಂಚು ಗುಂಡಿ ತೋಡಿ, ಕೂತು, ಮಣ್ಣು ಮುಚ್ಚಿ ಬರಬೇಕು. ತಂದ ಕಸ ವಾಪಸ್ ಹೊರಬೇಕು.

ಬೆಳಿಗ್ಗೆ ಜೊತೆಯವರೊಬ್ಬರು, ಲಗೇಜು ಹೊರಲು ಬಂದಿದ್ದ ಊರ ಹುಡುಗನ ಕೈಗೆ ಸನಿಕೆ ಕೊಟ್ಟು "ಏಯ್, ಎಲ್ಲರಿಗೂ ಗುಂಡಿ ತೋಡಿಬಿಡೋ" ಅಂದ್ರು. ಯಾರಿಗೂ ಏನೂ ಅನ್ನಿಸಲಿಲ್ಲ. ಅವನು ನಮ್ಮ ಜನಾನೇ ಅಂತ ರಾತ್ರಿ ಮಾತಾಡುವಾಗಲೇ ಗೊತ್ತಾಗಿತ್ತು. ಸನಿಕೆ ಇಸ್ಕೊಂಡು "ಸರ್, ನಿಮ್ಮದು ನೀವೇ ತೋಡ್ಕೊಳ್ಳಿ" ಅಂದೆ. ಆಮೇಲೆ ಇಳಿಯೋವರೆಗೂ ಅವರು ನನ್ನ ಜೊತೆ ಮಾತಾಡಲಿಲ್ಲ.

ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲೇ, ಮಲ ಹೊರುವ ಪದ್ಧತಿ ನಿಷೇಧಿಸಿದರು. 2013ರಲ್ಲಿ ಕೇಂದ್ರದ ಕಾನೂನೂ ಬಂತು. ಆದರೂ ಮ್ಯಾನ್‌ಹೋಲಿಗೆ ಇಳಿದು ಸಾಯೋರು ನಮ್ಮವರೇ. ಕಾಡಿಗೆ ಹೋದ್ರೂ ಜಾತಿ ಬ್ಯಾಗಲ್ಲೇ ಬರುತ್ತೆ.

ಟ್ರೆಕ್ ನಡೆಸೋರೇ, ಹೊರೆಗೆ ನ್ಯಾಯವಾದ ಕೂಲಿ ಕೊಡಿ. ನಿಮ್ಮ ಹೇಲಿಗೆ ಹುಡುಗರನ್ನ ಕರೀಬೇಡಿ. ಪ್ರಕೃತಿ ಮುಂದೆ ಎಲ್ಲರೂ ಸಮಾನರು ಅಂತ ಫೋಟೋ ಹಾಕೋರು ಮೊದಲು ಸನಿಕೆ ಹಿಡೀರಿ.