ಅಜ್ಜಿಯ ವೋಟು ಕದ್ದ ಕಥೆ

ಭಾನುವಾರ ರಾತ್ರಿ ಒಂಬತ್ತೂವರೆ. ಹನುಮಂತನಗರದ ನಮ್ಮ ಮನೆಯಲ್ಲಿ ಆ ಹೊತ್ತಿಗೆ ಯಾರೂ ಕೆಮ್ಮುವಂತೆಯೂ ಇಲ್ಲ. ಟಿವಿಯಲ್ಲಿ ಇಬ್ಬರು ಹುಡುಗರು ಕೈ ಕೈ ಹಿಡಿದು ನಿಂತಿದ್ದಾರೆ. ದೀಪಗಳು ನೀಲಿಯಾದವು, ಎದೆಬಡಿತದ ಸದ್ದು ಶುರುವಾಯಿತು. ಕ್ಯಾಮೆರಾ ತಾಯಂದಿರ ಕಣ್ಣಲ್ಲಿ ನೀರು ಹುಡುಕತೊಡಗಿತು. ನಿರೂಪಕಿ ‘ಈ ವಾರ ನಮ್ಮನ್ನು ಬಿಟ್ಟು ಹೋಗುತ್ತಿರುವವರು...’ ಎಂದರು. ತಕ್ಷಣ ಸೋಪಿನ ಪುಡಿ ಜಾಹೀರಾತು. ಅಮ್ಮ ಎದ್ದು ಹೋಗಿ ದೋಸೆ ಹಿಟ್ಟಿಗೆ ಉಪ್ಪು ಕಲಸಿ ವಾಪಸ್ ಬಂದರೂ ಆ ಹುಡುಗರ ಹಣೆಬರಹ ಗೊತ್ತಾಗಿರಲಿಲ್ಲ.

ಎಲಿಮಿನೇಷನ್ ನಮ್ಮಂಥವರಿಗೆ ಹೊಸದೇನಲ್ಲ. ಕ್ಯಾಂಪಸ್ ಪ್ಲೇಸ್‌ಮೆಂಟ್‌ನಲ್ಲಿ ಆಪ್ಟಿಟ್ಯೂಡ್ ಟೆಸ್ಟ್ ಮುಗಿದ ಮೇಲೆ ಒಂದು ಪಟ್ಟಿ ಬರುತ್ತದೆ. ಹೆಸರಿಲ್ಲದವರು ಟೈ ಬಿಚ್ಚಿ ಬ್ಯಾಗಿಗೆ ತುರುಕಿ ಬಸ್ ಹತ್ತುತ್ತಾರೆ. ಅಲ್ಲಿ ವಯಲಿನ್ ನುಡಿಸುವವರಿಲ್ಲ, ಎದ್ದು ನಿಂತು ಚಪ್ಪಾಳೆ ಹೊಡೆಯುವ ಜಡ್ಜ್‌ಗಳಿಲ್ಲ, ಮುಂದಿನ ತಿಂಗಳು ವೈಲ್ಡ್ ಕಾರ್ಡ್ ಎಂಟ್ರಿಯಂತೂ ಇಲ್ಲವೇ ಇಲ್ಲ. ಆದರೆ ಒಂದು ಸಮಾಧಾನವಿದೆ: ಫೇಲ್ ಮಾಡಿದರೂ ವಿಟಿಯು ಅಂಕ ಎಷ್ಟೆಂದು ಹೇಳುತ್ತದೆ, ದುಡ್ಡು ಕಟ್ಟಿದರೆ ರೀವ್ಯಾಲ್ಯುಯೇಷನ್ನೂ ಮಾಡುತ್ತದೆ. ಆ ಹುಡುಗರಿಗೆ ಎಷ್ಟು ವೋಟು ಬಿತ್ತು, ಎಷ್ಟರಲ್ಲಿ ಸೋತರು ಎಂದು ನಾನು ನೋಡಿದ ಒಂದು ಎಲಿಮಿನೇಷನ್ನಿನಲ್ಲೂ ಯಾರೂ ಹೇಳಲಿಲ್ಲ.

ಈಗ ನನ್ನ ತಪ್ಪೊಪ್ಪಿಗೆ. ಕಳೆದ ವರ್ಷ ನಮ್ಮ ಕಾಲೇಜಿನ ಹುಡುಗಿಯೊಬ್ಬಳು ಇಂಥದ್ದೊಂದು ಸ್ಪರ್ಧೆಗೆ ಆಯ್ಕೆಯಾದಳು. ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಫರ್ಮಾನು ಹೊರಟಿತು: ಒಂದು ನಂಬರಿಗೆ ಐವತ್ತು ವೋಟು, ಮನೆಯ ಎಲ್ಲ ಫೋನುಗಳೂ ಕೆಲಸ ಮಾಡಬೇಕು, ಸ್ಕ್ರೀನ್‌ಶಾಟ್ ಕಡ್ಡಾಯ. ಮರುದಿನ ಇಂಟರ್ನಲ್ಸ್ ಇದ್ದುದರಿಂದ ಆ ವಾರ ನಾನು ಒಂದು ಹಾಡನ್ನೂ ಕೇಳಿರಲಿಲ್ಲ. ಆದರೂ ನನ್ನ ಫೋನಿಂದ ಐವತ್ತು, ಅಪ್ಪನದರಿಂದ ಐವತ್ತು, ಅಮ್ಮನದರಿಂದ ಐವತ್ತು ಹಾಕಿದೆ. ಕೊನೆಗೆ, ಕನ್ನಡಕ ತೆಗೆದಿಟ್ಟು ಮಲಗಿದ್ದ ಅಜ್ಜಿಯ ಫೋನೂ ತೆಗೆದುಕೊಂಡೆ. ಇನ್ನೂರು ವೋಟು, ಹತ್ತು ನಿಮಿಷ. ಅಷ್ಟು ಶ್ರದ್ಧೆಯಿಂದ ನಾನು ಎಂ-3 ಲೆಕ್ಕ ಬಿಡಿಸಿದವನಲ್ಲ.

ನಮ್ಮ ಮನೆಯಲ್ಲಿ ಹಾಡು ಕೇಳಲು ಬರುವವರೆಂದರೆ ಅಜ್ಜಿ ಒಬ್ಬರೇ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳನ್ನು ವರ್ಷವರ್ಷ ಕೇಳಿದವರು. ಎಲ್ಲರೂ ಕಾಫಿಗೆ ಎದ್ದು ಹೋಗುವ ತನಿ ಆವರ್ತನದಲ್ಲೂ ಕೂತು ತಾಳ ಹಾಕುವವರು. ಟಿವಿ ಸ್ಪರ್ಧೆಯನ್ನೂ ಅವರು ಕಣ್ಣು ಮುಚ್ಚಿಯೇ ಕೇಳುತ್ತಾರೆ. ಹಾಗಾಗಿ ಯಾರ ಕಣ್ಣೀರೂ ಅವರಿಗೆ ಕಾಣುವುದಿಲ್ಲ. ಅವರಿಗೆ ಇಷ್ಟವಾಗಿದ್ದ ಹುಡುಗ ಆ ಭಾನುವಾರ ಮನೆಗೆ ಹೋದ.

‘ಯಾಕೋ ಪುಟ್ಟಾ, ಅವನ್ನ ಕಳಿಸ್ಬಿಟ್ರು? ಶ್ರುತಿ ಒಂದಿಷ್ಟೂ ಆಚೀಚೆ ಆಗ್ಲಿಲ್ವಲ್ಲೋ. ನನ್ ಫೋನಿಂದ ಅವನಿಗೇ ತಾನೇ ಹಾಕಿದ್ದು?’

‘ಹೂಂ ಅಜ್ಜಿ’ ಎಂದೆ.

ಇದು ನಮ್ಮ ಕಾಲೇಜಿನ ಕಥೆ ಮಾತ್ರವಲ್ಲ. 2007ರ ‘ಇಂಡಿಯನ್ ಐಡಲ್’ ಮೂರನೇ ಸೀಸನ್ ಗೆದ್ದದ್ದು ಡಾರ್ಜಿಲಿಂಗ್‌ನ ಪ್ರಶಾಂತ್ ತಮಾಂಗ್, ಕೋಲ್ಕತ್ತ ಪೊಲೀಸ್‌ನ ಕಾನ್‌ಸ್ಟೆಬಲ್. ಆತನಿಗಾಗಿ ಬೆಟ್ಟದ ಜನ ಚಂದಾ ಎತ್ತಿ ಎಸ್ಸೆಮ್ಮೆಸ್ ಕಳಿಸಿದರು. ಆ ಅಭಿಮಾನಿಗಳನ್ನು ಸಂಘಟಿಸಿದ್ದ ಬಿಮಲ್ ಗುರುಂಗ್ ಅದೇ ವರ್ಷ ಗೂರ್ಖಾ ಜನಮುಕ್ತಿ ಮೋರ್ಚಾ ಎಂಬ ಪಕ್ಷವನ್ನೇ ಕಟ್ಟಿದರು. ಅಲ್ಲಿಯ ಜನ ವೋಟು ಹಾಕಿದ್ದು ಬರೀ ಹಾಡಿಗಲ್ಲ, ‘ನಾವೂ ಇದ್ದೇವೆ’ ಎಂದು ದೇಶಕ್ಕೆ ಹೇಳುವುದಕ್ಕೆ. ನಮ್ಮ ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತನನ್ನೇ ನೋಡಿ. 2019ರಲ್ಲಿ ಮುಗಿದ ‘ಸರಿಗಮಪ’ ಸೀಸನ್ 15ರಲ್ಲಿ ಕೀರ್ತನ್ ಹೊಳ್ಳ ಗೆದ್ದರು, ಹನುಮಂತ ಎರಡನೆಯವರಾದರು. 2025ರ ಜನವರಿಯಲ್ಲಿ ಅದೇ ಹನುಮಂತ ಬಿಗ್ ಬಾಸ್ ಗೆದ್ದರು. ಹಾಡಿಗೇ ಮೀಸಲಾದ ವೇದಿಕೆಯಲ್ಲಿ ಎರಡನೆಯವರು, ಹಾಡಲೇಬೇಕೆಂದಿಲ್ಲದ ಮನೆಯಲ್ಲಿ ಮೊದಲನೆಯವರು! ಜನ ಮೆಚ್ಚಿದ್ದು ಅವರ ಕಂಠವನ್ನಷ್ಟೇ ಅಲ್ಲ, ಆ ಮನುಷ್ಯನನ್ನು.

ಇದರಲ್ಲಿ ತಪ್ಪೇನೂ ಇಲ್ಲ. ನಮ್ಮೂರಿನವನು, ನಮ್ಮಂಥವನು ಗೆಲ್ಲಲಿ ಎನ್ನುವುದು ಪ್ರೀತಿ. ಆದರೆ ಪ್ರೀತಿಯನ್ನು ಅಳೆದು ‘ಇದು ಸ್ವರದ ಅಳತೆ’ ಎಂದು ಚೀಟಿ ಅಂಟಿಸಬಾರದು. ಹಾಲಿಗೆ ಲ್ಯಾಕ್ಟೋಮೀಟರ್ ಬದಲು ಥರ್ಮಾಮೀಟರ್ ಇಟ್ಟರೂ ಒಂದು ಸಂಖ್ಯೆ ಬಂದೇ ಬರುತ್ತದೆ. ಹಾಲು ಬಿಸಿ ಇದೆ ಎಂದು ಗೊತ್ತಾಗುತ್ತದೆ, ನೀರು ಎಷ್ಟು ಬೆರೆಸಿದ್ದಾರೆಂದಲ್ಲ.

ಆ ತಪ್ಪು ಅಳತೆಯ ಪೆಟ್ಟು ಬೀಳುವುದು ಹೊರಹೋದವನ ಮೇಲೆ. ‘ನಾನು ಚೆನ್ನಾಗಿ ಹಾಡಲಿಲ್ಲ’ ಎಂದುಕೊಂಡು ಅವನು ಊರಿಗೆ ಹೋಗುತ್ತಾನೆ. ಅರಿಜಿತ್ ಸಿಂಗ್ 2005ರ ‘ಫೇಮ್ ಗುರುಕುಲ್’ನಿಂದ ಎಲಿಮಿನೇಟ್ ಆದವರು. ‘ಅಮೆರಿಕನ್ ಐಡಲ್’ನಲ್ಲಿ 2004ರಲ್ಲಿ ಏಳನೇ ಸ್ಥಾನಕ್ಕೆ ಹೊರಬಿದ್ದ ಜೆನಿಫರ್ ಹಡ್ಸನ್ 2007ರಲ್ಲಿ ಆಸ್ಕರ್ ಹಿಡಿದು ನಿಂತರು. ಇವರಿಬ್ಬರ ಹೆಸರು ಹೇಳಿ ಸಮಾಧಾನ ಮಾಡುವುದು ಸುಲಭ. ಹಾಗೆ ಹೋದ ಇನ್ನೆಷ್ಟೋ ಮಂದಿ ಹಾಡುವುದನ್ನೇ ಬಿಟ್ಟಿರಬಹುದು. ಅವರ ಹೆಸರು ನಮಗೆ ನೆನಪಿಲ್ಲ.

ಆದ್ದರಿಂದ ವಾಹಿನಿಗಳಲ್ಲಿ ನನ್ನ ಬೇಡಿಕೆ ಎರಡೇ. ಒಂದು ಫೋನಿಗೆ ಒಂದೇ ವೋಟಿರಲಿ. ಎಂಎಲ್‌ಎ ಆರಿಸುವಾಗ ಸಾಕಾಗುವುದು ಇಲ್ಲಿ ಯಾಕೆ ಸಾಲದು? ಹಾಗೆಯೇ, ಹೊರಹೋಗುವವನಿಗೆ ಜಡ್ಜ್‌ಗಳು ಕೊಟ್ಟ ಅಂಕ ಎಷ್ಟು, ಬಿದ್ದ ವೋಟು ಎಷ್ಟು ಎಂದು ಬೇರೆಬೇರೆಯಾಗಿ ಹೇಳಿ. ಸೋತದ್ದು ಹಾಡಿನಲ್ಲೋ ವಾಟ್ಸ್‌ಆ್ಯಪ್ ಗ್ರೂಪಿನಲ್ಲೋ ಅವನಿಗಾದರೂ ತಿಳಿಯಲಿ.

ಈ ಸೀಸನ್ನಿನಲ್ಲಿ ನಾನು ಫೋನನ್ನು ಅಜ್ಜಿಯ ಕೈಗೇ ಕೊಡುತ್ತಿದ್ದೇನೆ. ಅವರು ಕನ್ನಡಕ ಹುಡುಕಿ, ಆ್ಯಪ್ ತೆರೆದು, ಒಟಿಪಿಯ ಆರು ಅಂಕಿಗಳನ್ನು ಗಟ್ಟಿಯಾಗಿ ಓದಿಕೊಂಡು ಒತ್ತುವಷ್ಟರಲ್ಲಿ ಕಾಲು ಗಂಟೆ. ಬೀಳುವುದು ಒಂದೇ ವೋಟು. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗ ಐವತ್ತು ಮುಗಿಸಿರುತ್ತಾನೆ.

ಹಳೆಯ ವಿಷಯ ಅಜ್ಜಿಗೆ ಇನ್ನೂ ಹೇಳಿಲ್ಲ. ಪೇಪರಿನಲ್ಲಿ ಅವರು ಓದುವುದು ಪಂಚಾಂಗ ಮತ್ತು ಕಛೇರಿಗಳ ಪಟ್ಟಿ ಮಾತ್ರ, ಈ ಪುಟವನ್ನಲ್ಲ. ದಯವಿಟ್ಟು ನೀವೂ ಹೇಳಬೇಡಿ. ಧೈರ್ಯ ಬಂದ ದಿನ ನಾನೇ ಹೇಳುತ್ತೇನೆ.